ಕುರ್ಚಿಯ ಮೇಲಿನ ಹ್ಯಾಟು: ಹೆಡ್ಡಾ ಗಾಬ್ಲರ್ ಯಾಕೆ ಹೀಗೆ?

ಬೆಳಗಿನ ಹೊತ್ತು. ಹೊಸದಾಗಿ ಮದುವೆಯಾದವರ ಮನೆ. ಗಂಡನ ಸೋದರತ್ತೆ ಯೂಲೆ ಮಾತಾಡಿಸಿಕೊಂಡು ಹೋಗಲು ಬಂದಿದ್ದಾರೆ. ತಲೆ ಮೇಲೆ ಹೊಸ ಹ್ಯಾಟು. ಸೊಸೆ ಜೊತೆ ಬೀದಿಯಲ್ಲಿ ನಡೆಯಬೇಕಾಗಿ ಬಂದರೆ ಅವಳಿಗೆ ನಾಚಿಕೆ ಆಗಬಾರದು ಅಂತ ಅದನ್ನು ಕೊಂಡಿದ್ದಾರೆ. ಒಳಗೆ ಬಂದಮೇಲೆ ಹ್ಯಾಟು ಕುರ್ಚಿಯ ಮೇಲೆ ಕೂತಿದೆ. ಸೊಸೆ ಬರುತ್ತಾಳೆ. ಒಂದೆರಡು ಮಾತಾಡುತ್ತಾಳೆ. ಆಮೇಲೆ ಕುರ್ಚಿ ಕಡೆ ತೋರಿಸಿ, ಈ ಕೆಲಸದವಳ ಜೊತೆ ಏಗೋದು ಕಷ್ಟ, ನೋಡಿ, ತನ್ನ ಹಳೇ ಹ್ಯಾಟನ್ನು ಇಲ್ಲೇ ಬಿಟ್ಟುಹೋಗಿದ್ದಾಳೆ ಅನ್ನುತ್ತಾಳೆ.

ಅತ್ತೆಯ ಮುಖ ಹೇಗಾಗಿರಬೇಡ!

ಗಂಡ ಗಾಬರಿಯಾಗುತ್ತಾನೆ. ಅತ್ತೆ ಹ್ಯಾಟನ್ನು ಕೈಗೆತ್ತಿಕೊಂಡು ಇದು ನನ್ನದು, ಹಳೆಯದೂ ಅಲ್ಲ ಅನ್ನುತ್ತಾರೆ. ಸೊಸೆ ತಣ್ಣಗೆ, ನಾನು ಸರಿಯಾಗಿ ನೋಡಲಿಲ್ಲ ಅನ್ನುತ್ತಾಳೆ. ಆ ಕೆಲಸದವಳು ಬೆರ್ಟೆ ಕೂಡ ಅತ್ತೆಯ ಮನೆಯಲ್ಲಿ ವರ್ಷಗಟ್ಟಲೆ ದುಡಿದವಳು. ಹೊಸ ಸಂಸಾರಕ್ಕೆ ಅನುಕೂಲವಾಗಲಿ ಅಂತ ಅತ್ತೆಯೇ ಅವಳನ್ನು ಬಿಟ್ಟುಕೊಟ್ಟಿದ್ದಾರೆ. ಅಂದರೆ ಒಂದೇ ಮಾತಿನಲ್ಲಿ ಎರಡು ಕಡೆ ಗಾಯ. ಮಧ್ಯಾಹ್ನ ಇದೇ ಸೊಸೆ ಮನೆಗೆ ಬಂದ ಸ್ನೇಹಿತನ ಹತ್ತಿರ ಒಪ್ಪಿಕೊಳ್ಳುತ್ತಾಳೆ: ಅದು ಅತ್ತೆಯ ಹ್ಯಾಟು ಅಂತ ಗೊತ್ತಿತ್ತು. ಇಂಥದ್ದೆಲ್ಲ ಇದ್ದಕ್ಕಿದ್ದಂತೆ ನನ್ನ ಮೈಮೇಲೆ ಬಂದುಬಿಡುತ್ತದೆ, ಯಾಕೆ ಅಂತ ನನಗೂ ಗೊತ್ತಿಲ್ಲ.

ಇವಳೇ ಹೆಡ್ಡಾ ಗಾಬ್ಲರ್. ಹೆನ್ರಿಕ್ ಇಬ್ಸೆನ್ 1890ರಲ್ಲಿ ಮ್ಯೂನಿಕ್‌ನಲ್ಲಿ ಕೂತು ಬರೆದ ನಾಟಕದ ನಾಯಕಿ. ನಾಟಕದ ಹೆಸರೂ ಅದೇ. ಮೊದಲ ಸಲ ಓದಿದಾಗ ನನಗೆ ಇವಳ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಪುಸ್ತಕ ಮುಚ್ಚಿಟ್ಟಿದ್ದೆ. ಎರಡನೇ ಸಲ ಓದಿದಾಗ ಸಿಟ್ಟಿನ ಜೊತೆ ಬೇರೆ ಏನೋ ಸೇರಿಕೊಂಡಿತು. ಈಗ ಎಷ್ಟನೇ ಓದೋ ಲೆಕ್ಕ ಇಟ್ಟಿಲ್ಲ. ಆದರೆ ಅವಳು ಮನುಷ್ಯರನ್ನು ಆಟ ಆಡಿಸುವ ರೀತಿಯನ್ನು ಒಂದೊಂದೇ ಹೆಜ್ಜೆ ಇಟ್ಟು ನೋಡಿದರೆ ಅವಳ ಇಡೀ ಬದುಕು ಅರ್ಥವಾಗುತ್ತದೆ ಅಂತ ನನಗೆ ಅನ್ನಿಸಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಕಥೆಯ ಹಂದರ. ಜಾಗ ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾ, ಅಂದರೆ ಇವತ್ತಿನ ಓಸ್ಲೋ. ಹೆಡ್ಡಾಗೆ 29 ವರ್ಷ. ದಿವಂಗತ ಜನರಲ್ ಗಾಬ್ಲರ್‌ನ ಒಬ್ಬಳೇ ಮಗಳು. ಗಂಡ ಯೋರ್ಗೆನ್ ಟೆಸ್ಮನ್‌ಗೆ 33. ಅವನು ಸಂಶೋಧಕ. ಮಧ್ಯಯುಗದ ಬ್ರಬಾಂಟ್ ಪ್ರಾಂತ್ಯದಲ್ಲಿ ಮನೆಮನೆಗಳಲ್ಲಿ ನಡೆಯುತ್ತಿದ್ದ ಕೈಕಸುಬುಗಳು ಅವನ ವಿಷಯ. ಹತ್ತಿರ ಹತ್ತಿರ ಆರು ತಿಂಗಳ ಮಧುಚಂದ್ರ ಮುಗಿಸಿ ಇಬ್ಬರೂ ಈಗಷ್ಟೇ ಊರಿಗೆ ಬಂದಿದ್ದಾರೆ. ಆ ಆರು ತಿಂಗಳೂ ಗಂಡ ಹೋದ ಊರಲ್ಲೆಲ್ಲ ಗ್ರಂಥಾಲಯ ಹುಡುಕಿ, ಹಳೇ ದಾಖಲೆ ನಕಲು ಮಾಡಿಕೊಂಡು ಬಂದಿದ್ದಾನೆ. ಇವರ ಜೊತೆ ಇನ್ನು ಮೂರು ಜನ ಮುಖ್ಯ. ಹೆಡ್ಡಾಳನ್ನು ಶಾಲೆಯ ದಿನಗಳಿಂದ ಬಲ್ಲ ಥೆಯಾ. ಒಂದು ಕಾಲದಲ್ಲಿ ಹೆಡ್ಡಾಗೆ ತುಂಬ ಹತ್ತಿರವಾಗಿದ್ದ, ಕುಡಿತದಿಂದ ಹಾಳಾಗಿ ಈಗ ಸುಧಾರಿಸಿಕೊಂಡಿರುವ ಪ್ರತಿಭಾವಂತ ಲೇಖಕ ಐಲರ್ಟ್ ಲೋವ್ಬೋರ್ಗ್. ಮತ್ತೆ, ಮನೆಗೆ ಬಂದುಹೋಗುವ ಸ್ನೇಹಿತ, ನ್ಯಾಯಾಧೀಶ ಬ್ರಾಕ್. ನಾಲ್ಕು ಅಂಕಗಳ ನಾಟಕ ಒಂದು ಬೆಳಿಗ್ಗೆ ಶುರುವಾಗಿ ಮರುದಿನ ಸಂಜೆಗೆ ಮುಗಿದುಹೋಗುತ್ತದೆ. ಎಲ್ಲ ನಡೆಯುವುದೂ ಒಂದೇ ಮನೆಯ ಒಂದೇ ನಡುಮನೆಯಲ್ಲಿ.

ಮದುವೆಯಾದ ಹೆಂಗಸಿಗೆ ಆಗ ಗಂಡನ ಹೆಸರು. ಹಾಗಾಗಿ ಇವಳು ಹೆಡ್ಡಾ ಟೆಸ್ಮನ್ ಆಗಬೇಕಿತ್ತು. ಇಬ್ಸೆನ್ ಬೇಕೆಂದೇ ತವರಿನ ಹೆಸರು ಉಳಿಸಿದ. ತನ್ನ ನಾಟಕಗಳನ್ನು ಫ್ರೆಂಚ್‌ಗೆ ಅನುವಾದಿಸುತ್ತಿದ್ದ ಪ್ರೊಜೊರ್‌ಗೆ 1890ರ ಡಿಸೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಇವಳನ್ನು ಗಂಡನ ಹೆಂಡತಿಯಾಗಿ ನೋಡುವುದಕ್ಕಿಂತ ಅಪ್ಪನ ಮಗಳಾಗಿ ನೋಡಬೇಕು ಅನ್ನುವುದು ಅವನ ಉದ್ದೇಶ. ರಂಗದ ಮೇಲೂ ಹಾಗೇ. ಒಳಕೋಣೆಯ ಗೋಡೆ ಮೇಲೆ ಸಮವಸ್ತ್ರದಲ್ಲಿರುವ ಜನರಲ್‌ನ ದೊಡ್ಡ ಚಿತ್ರ. ಅದು ನಾಟಕ ಮುಗಿಯುವ ತನಕ ಅಲ್ಲೇ ಇರುತ್ತದೆ, ಒಂದು ಮಾತೂ ಆಡದೆ. ಅಪ್ಪ ಅವಳಿಗೆ ಬಿಟ್ಟುಹೋಗಿದ್ದು ಒಂದು ಜೊತೆ ಪಿಸ್ತೂಲು, ಕುದುರೆ ಸವಾರಿಯ ನೆನಪು, ದೊಡ್ಡಮನೆಯ ಅಭ್ಯಾಸಗಳು. ಆಸ್ತಿ ಬಿಟ್ಟುಹೋಗಲಿಲ್ಲ.

ಹಾಗಾದರೆ ಟೆಸ್ಮನ್‌ನನ್ನು ಯಾಕೆ ಮದುವೆಯಾದಳು? ಅವಳೇ ಬ್ರಾಕ್‌ಗೆ ಹೇಳುವ ಕಾರಣ ಕೇಳಿದರೆ ಎದೆ ಚುರುಕ್ ಅನ್ನುತ್ತದೆ. ಕುಣಿದು ಕುಣಿದು ದಣಿದಿದ್ದೆ, ನನ್ನ ಕಾಲ ಮುಗಿದಿತ್ತು ಅನ್ನುತ್ತಾಳೆ. ಹಿಂದೆ ಸುತ್ತುತ್ತಿದ್ದ ಗಂಡಸರು ಬೇಕಾದಷ್ಟು ಜನ ಇದ್ದರು. ನಿನ್ನನ್ನು ಸಾಕುತ್ತೇನೆ ಅಂತ ಹಟ ಹಿಡಿದು ಬಂದವನು ಇವನೊಬ್ಬನೇ. ಮುಂದೆ ಪ್ರೊಫೆಸರ್ ಆಗುತ್ತಾನೆ ಅನ್ನುವ ಭರವಸೆ ಬೇರೆ.

ಆ ಮನೆಯ ಕಥೆ ಇನ್ನೂ ವಿಚಿತ್ರ. ಅದು ಒಬ್ಬ ಮಂತ್ರಿಯ ವಿಧವೆಯ ಬಂಗಲೆ. ಒಂದು ರಾತ್ರಿ ಪಾರ್ಟಿ ಮುಗಿಸಿ ಟೆಸ್ಮನ್ ಅವಳ ಜೊತೆ ನಡೆದು ಬರುತ್ತಿದ್ದ. ಪಾಪ, ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಅವನ ಪೇಚಾಟ ನೋಡಲಾರದೆ ಹೆಡ್ಡಾ ಸುಮ್ನೆ, ಇಂಥ ಬಂಗಲೆಯಲ್ಲಿ ಇರಬೇಕು ಅಂತ ಆಸೆ ಅಂದಳು. ಆ ಒಂದು ಮಾತಿನಿಂದ ಸಲಿಗೆ, ಸಲಿಗೆಯಿಂದ ನಿಶ್ಚಿತಾರ್ಥ, ಅಲ್ಲಿಂದ ಮದುವೆ. ಅವಳಿಗೆ ಆ ಮನೆಯ ಮೇಲೆ ಎಳ್ಳಷ್ಟೂ ಆಸೆ ಇರಲಿಲ್ಲ. ಈಗ ಕೋಣೆ ಕೋಣೆಯಲ್ಲೂ ಒಣಗಿದ ಗುಲಾಬಿಯ ವಾಸನೆ ಬರುತ್ತದೆ ಅಂತ ಮೂಗು ಮುರಿಯುತ್ತಾಳೆ. ಇತ್ತ ಅದರ ಪೀಠೋಪಕರಣಕ್ಕೆ, ಕಾರ್ಪೆಟ್ಟಿಗೆ ಆ ಹ್ಯಾಟಿನ ಅತ್ತೆ ತಮ್ಮ ವರ್ಷಾಶನವನ್ನೇ ಅಡ ಇಟ್ಟಿದ್ದಾರೆ. ಹೆಡ್ಡಾಗೆ ಬೇಡವಾದ ಮನೆ, ಅವಳಿಗೋಸ್ಕರ ಎಲ್ಲರೂ ಸಾಲ ಮಾಡಿಕೊಂಡ ಮನೆ.

ಗಮನಿಸಿ, ಟೆಸ್ಮನ್ ಕೆಟ್ಟವನಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಕುಡಿಯುವುದಿಲ್ಲ. ಕಾಯಿಲೆ ಬಿದ್ದಿರುವ ಇನ್ನೊಬ್ಬ ಅತ್ತೆ ರೀನಾ ಕಸೂತಿ ಹಾಕಿಕೊಟ್ಟ ಹಳೇ ಮನೆ ಚಪ್ಪಲಿ ಕೈಗೆ ಬಂದರೆ ಮಗುವಿನ ಹಾಗೆ ಸಂಭ್ರಮಪಡುತ್ತಾನೆ. ನನಗೆ ಇಬ್ಸೆನ್‌ನ ಅತಿ ಧೈರ್ಯದ ತೀರ್ಮಾನ ಅನ್ನಿಸುವುದು ಇದೇ. ಕ್ರೂರ ಗಂಡನನ್ನು ತಂದಿಟ್ಟಿದ್ದರೆ ನಾವೆಲ್ಲ ಹೆಡ್ಡಾ ಕಡೆ ವಾಲಿಬಿಡುತ್ತಿದ್ದೆವು, ಕಥೆ ಅಲ್ಲಿಗೆ ಸುಲಭವಾಗಿಬಿಡುತ್ತಿತ್ತು. ಒಳ್ಳೆಯವನ ಜೊತೆಯೂ ಒಂದು ಮದುವೆ ಉಸಿರು ಕಟ್ಟಿಸಬಹುದು ಅನ್ನುವುದನ್ನು 1890ರಲ್ಲಿ ರಂಗದ ಮೇಲೆ ತೋರಿಸುವುದು ಸಣ್ಣ ಮಾತಲ್ಲ. ಆರು ತಿಂಗಳು ಹಗಲೂ ರಾತ್ರಿ ಒಂದೇ ಮನುಷ್ಯನ ಜೊತೆ ಇರುವುದು ಎಂಥ ಶಿಕ್ಷೆ ಅಂತ ಅವಳು ಹೇಳುವಾಗ ನಗು ಬರುವುದಿಲ್ಲ.

ಈಗ ಅವಳ ಆಟಕ್ಕೆ ಬರೋಣ. ಥೆಯಾ ಜೊತೆ ಅವಳು ನಡೆದುಕೊಳ್ಳುವ ರೀತಿ ನೋಡಿದರೆ ಸಾಕು.

ಮೊದಲ ಅಂಕದಲ್ಲಿ ಥೆಯಾ ಗಾಬರಿಯಿಂದ ಬರುತ್ತಾಳೆ. ದೂರದ ಹಳ್ಳಿ ಕಡೆಯ ಒಬ್ಬ ಅಧಿಕಾರಿಯ ಹೆಂಡತಿ. ಅವರ ಮನೆ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ ಲೋವ್ಬೋರ್ಗ್ ಪಟ್ಟಣಕ್ಕೆ ಬಂದಿದ್ದಾನೆ, ಮತ್ತೆ ಕುಡಿತಕ್ಕೆ ಬಿದ್ದಾನೆಂಬ ಭಯ ಅವಳಿಗೆ. ಹೆಡ್ಡಾಗೆ ಇಲ್ಲಿ ಏನೋ ಇದೆ ಅಂತ ವಾಸನೆ ಬಡಿಯುತ್ತದೆ. ಗಂಡನಿಗೆ, ಲೋವ್ಬೋರ್ಗ್‌ಗೆ ಒಂದು ಪತ್ರ ಬರೆಯಿರಿ, ಚೆನ್ನಾಗಿ ಉದ್ದವಾಗಿ ಬರೆಯಿರಿ ಅಂತ ಹೇಳಿ ಒಳಗೆ ಕಳಿಸುತ್ತಾಳೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಪತ್ರವೂ ಹೋಗುತ್ತದೆ, ಗಂಡನೂ ಹೊರಗೆ.

ಆಮೇಲೆ ಥೆಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾವು ಶಾಲೆಯಲ್ಲಿ ಎಷ್ಟು ಸಲಿಗೆಯಿಂದ ಇದ್ದೆವು, ನೆನಪಿದೆಯಾ ಅನ್ನುತ್ತಾಳೆ. ಥೆಯಾಗೆ ನೆನಪಿರುವುದೇ ಬೇರೆ. ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೆಡ್ಡಾ ಅವಳ ಜಡೆ ಎಳೆಯುತ್ತಿದ್ದಳು. ಒಂದು ಸಲ ಕೂದಲು ಸುಟ್ಟುಬಿಡುತ್ತೇನೆ ಅಂತಲೂ ಹೆದರಿಸಿದ್ದಳು. ಹೆಡ್ಡಾ ಅದನ್ನೆಲ್ಲ ನಕ್ಕು ತಳ್ಳಿಹಾಕುತ್ತಾಳೆ. ಇನ್ನು ಮೇಲೆ ಹೆಸರು ಹಿಡಿದೇ ಕರೆಯೋಣ ಅಂತ ಹೇಳಿ, ಅದೇ ಉಸಿರಿನಲ್ಲಿ ಹೆಸರನ್ನೇ ತಪ್ಪು ಹೇಳುತ್ತಾಳೆ: ಥೋರಾ! ಥೆಯಾ ಮೆಲ್ಲಗೆ ತಿದ್ದುತ್ತಾಳೆ. ಗೆಳತಿ ಅನ್ನುವವಳಿಗೆ ಹೆಸರೇ ಗೊತ್ತಿಲ್ಲ. ಆದರೂ ಥೆಯಾ ಕರಗುತ್ತಾಳೆ. ಯಾಕೆಂದರೆ ಅವಳಿಗೆ ಮಾತಾಡಲು ಯಾರೂ ಇಲ್ಲ. ಹತ್ತೇ ನಿಮಿಷದಲ್ಲಿ ಎಲ್ಲ ಹೊರಬರುತ್ತದೆ. ಗಂಡ ತನಗಿಂತ 20 ವರ್ಷಕ್ಕೂ ಹೆಚ್ಚು ದೊಡ್ಡವನು, ತನ್ನನ್ನು ಅಗ್ಗದ ಆಳಿನ ಹಾಗೆ ಇಟ್ಟುಕೊಂಡಿದ್ದಾನೆ, ಯಾರಿಗೂ ಹೇಳದೆ ಮನೆ ಬಿಟ್ಟು ಬಂದಿದ್ದೇನೆ, ಲೋವ್ಬೋರ್ಗ್ ಹೊಸ ಪುಸ್ತಕ ಬರೆಯುವಾಗ ಜೊತೆಗೆ ಕೂತು ಕೆಲಸ ಮಾಡಿದ್ದೇನೆ.

ಇಲ್ಲಿ ಹೆಡ್ಡಾ ಒಂದು ಪ್ರಶ್ನೆ ಕೇಳುತ್ತಾಳೆ. ಆದರೆ ಜನ ಏನಂದಾರು, ಥೆಯಾ? ಏನು ಬೇಕಾದರೂ ಅಂದುಕೊಳ್ಳಲಿ ಅನ್ನುತ್ತಾಳೆ ಥೆಯಾ.

ಇಡೀ ನಾಟಕದ ತಿರುಪು ಇರುವುದು ಇಲ್ಲೇ ಅಂತ ನನ್ನ ನಂಬಿಕೆ. ‘ನಾಲ್ಕು ಜನ ಏನಂತಾರೆ’ ಅನ್ನುವ ಮಾತು ಕೇಳದೆ ಬೆಳೆದ ಕನ್ನಡದ ಹೆಣ್ಣುಮಗಳು ಯಾರಾದರೂ ಇದ್ದಾರಾ? ಧೈರ್ಯವಂತೆ ಹಾಗೆ ಕಾಣುವ, ಪಿಸ್ತೂಲು ಹಿಡಿದು ಆಡುವ, ಕುದುರೆ ಏರಿದ ಜನರಲ್‌ನ ಮಗಳಿಗೆ ಆ ನಾಲ್ಕು ಜನರ ಭಯ. ಅಳುಮುಂಜಿ, ಪುಕ್ಕಲಿ ಹಾಗೆ ಕಾಣುವ ಥೆಯಾಗೆ ಆ ಭಯವೇ ಇಲ್ಲ. ಅವಳು ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟಳು. ಹೆಡ್ಡಾ ಆಮೇಲೆ ಥೆಯಾಗೆ ಏನೇನು ಕೆಡುಕು ಮಾಡುತ್ತಾಳೋ ಅದಕ್ಕೆಲ್ಲ ಬೇರು ಈ ಒಂದು ಉತ್ತರದಲ್ಲಿದೆ.

ಕೊನೆಗೆ ಥೆಯಾ ಇನ್ನೊಂದು ಗುಟ್ಟು ಹೇಳುತ್ತಾಳೆ. ಲೋವ್ಬೋರ್ಗ್‌ಗೆ ಹಳೆಯ ಹೆಣ್ಣೊಬ್ಬಳ ನೆನಪು ಇನ್ನೂ ಬಿಟ್ಟಿಲ್ಲವಂತೆ. ಬೇರೆಯಾಗುವಾಗ ಆಕೆ ಅವನತ್ತ ಪಿಸ್ತೂಲು ಹಿಡಿದಿದ್ದಳಂತೆ. ಆ ಹೆಣ್ಣು ಎದುರಿಗೇ ಕೂತಿದ್ದಾಳೆ ಅಂತ ಥೆಯಾಗೆ ಗೊತ್ತಿಲ್ಲ. ಹೆಡ್ಡಾ ಮುಖ ಕದಲಿಸದೆ, ಛೆ, ಇಲ್ಲಿ ಯಾರೂ ಹಾಗೆಲ್ಲ ಮಾಡುವುದಿಲ್ಲ ಅನ್ನುತ್ತಾಳೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಎರಡನೇ ಅಂಕದಲ್ಲಿ ಲೋವ್ಬೋರ್ಗ್ ಬರುತ್ತಾನೆ. ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲಿ ಒಂದು ಲಾಭ ಇದೆ. ನಾರ್ವೆಯ ಭಾಷೆಯಲ್ಲೂ ಆಗ ನಮ್ಮ ನೀನು, ನೀವು ಹಾಗೆ ಎರಡು ರೂಪ ಬಳಕೆಯಲ್ಲಿದ್ದವು. ಇವತ್ತಿನ ಇಂಗ್ಲಿಷ್‌ನಲ್ಲಿ ಆ ಭೇದ ಇಲ್ಲ, ಹಾಗಾಗಿ ಅಲ್ಲಿಯ ಅನುವಾದಕರು ತಿಣುಕಾಡುತ್ತಾರೆ. ಇಬ್ಬರೇ ಇದ್ದಾಗ ಲೋವ್ಬೋರ್ಗ್ ಅವಳನ್ನು ‘ಹೆಡ್ಡಾ’ ಅನ್ನುತ್ತಾನೆ, ‘ನೀನು’ ಅನ್ನುತ್ತಾನೆ. ಹಾಗೆ ಕರೆಯಬೇಡಿ ಅಂತ ಅವಳು ತಡೆಯುತ್ತಾಳೆ. ಅದೇ ಹೆಡ್ಡಾ, ಬೆಳಿಗ್ಗೆ ಗಂಡ ಅತ್ತೆಯನ್ನು ‘ನೀನು’ ಅಂತ ಕರಿ, ಅವರಿಗೆ ಖುಷಿಯಾಗುತ್ತದೆ ಅಂತ ಗೋಗರೆದಾಗ ಒಪ್ಪಿರಲಿಲ್ಲ. ಥೆಯಾಗೆ ಮಾತ್ರ ಕೇಳದೆಯೇ ‘ನೀನು’ ಅಂದಳು. ನಿಜವಾದ ಪ್ರೀತಿ ಇರುವ ಕಡೆ ಬಾಗಿಲು ಹಾಕುತ್ತಾಳೆ. ಕೆಲಸ ಆಗಬೇಕಾದ ಕಡೆ ತೆಗೆಯುತ್ತಾಳೆ. ಅವಳ ಸಲಿಗೆ ಯಾವಾಗ ನಿಜ, ಯಾವಾಗ ನಾಟಕ ಅಂತ ಈ ಸಣ್ಣ ಪದವೇ ಹೇಳಿಬಿಡುತ್ತದೆ.

ಅವರಿಬ್ಬರ ಹಿಂದಿನ ಕಥೆ ಈ ಹೊತ್ತಿನಲ್ಲೇ ಬಿಚ್ಚಿಕೊಳ್ಳುತ್ತದೆ. ಹೆಡ್ಡಾ ಮಧುಚಂದ್ರದ ಫೋಟೋ ಆಲ್ಬಮ್ ತೆಗೆದು ಮುಂದಿಡುತ್ತಾಳೆ. ಗಂಡ, ಬ್ರಾಕ್ ಇಬ್ಬರೂ ಒಳಕೋಣೆಯಲ್ಲಿ ಕುಡಿಯುತ್ತಾ ಕೂತಿದ್ದಾರೆ. ಗಂಡ ಆಚೆ ಬಂದಾಗ ಹೆಡ್ಡಾ ಬೆಟ್ಟದ ಹೆಸರು ಹೇಳುತ್ತಾಳೆ, ಅವನು ಹೋದ ಕೂಡಲೇ ಪಿಸುಮಾತು. ಹಿಂದೆಯೂ ಹೀಗೇ ಇತ್ತು. ಸಂಜೆ ಹೊತ್ತು ಜನರಲ್ ಕಿಟಕಿಯ ಹತ್ತಿರ ಬೆನ್ನು ಹಾಕಿ ಪೇಪರ್ ಓದುತ್ತಿದ್ದ. ಸೋಫಾದ ಮೇಲೆ ಇವರಿಬ್ಬರ ಮುಂದೆ ಯಾವಾಗಲೂ ಒಂದೇ ಚಿತ್ರಪತ್ರಿಕೆ. ಅದರ ಮರೆಯಲ್ಲಿ ಹೆಡ್ಡಾ ಪ್ರಶ್ನೆ ಕೇಳುತ್ತಿದ್ದಳು, ಲೋವ್ಬೋರ್ಗ್ ತನ್ನ ಕುಡಿತ, ತನ್ನ ರಾತ್ರಿಗಳ ಕಥೆ ಹೇಳುತ್ತಿದ್ದ. ಯಾಕೆ ಕೇಳುತ್ತಿದ್ದೆ ಅಂದರೆ ಅವಳ ಉತ್ತರ ಸರಳ: ಹೆಣ್ಣುಮಗಳಿಗೆ ಯಾವ ಲೋಕದ ಬಗ್ಗೆ ಏನೂ ಗೊತ್ತಿರಬಾರದೋ ಆ ಲೋಕವನ್ನು ಇಣುಕಿ ನೋಡುವ ಆಸೆ. ಅವನು ಹತ್ತಿರ ಬರಲು ನೋಡಿದಾಗ ಪಿಸ್ತೂಲು ಹಿಡಿದಳು. ಗುಂಡು ಹಾರಿಸಲಿಲ್ಲ. ಅದಕ್ಕೂ ಕಾರಣ ಜನರ ಬಾಯಿಯ ಭಯ. ನಾನು ಹೇಡಿ ಅಂತ ಅವಳೇ ಅವನಿಗೆ ಹೇಳುತ್ತಾಳೆ.

ಹೀಗೆ ಬೇರೆಯವರ ಬಾಯಿಂದ ಬದುಕು ಕೇಳಿ ತಿಳಿದವಳು, ಬೇರೆಯವರ ಕೈಯಿಂದಲೇ ಬದುಕು ನಡೆಸಲು ಹೊರಡುತ್ತಾಳೆ. ಪಂಚ್ ಅನ್ನುವ ಮದ್ಯದ ಲೋಟದ ದೃಶ್ಯ ಇದಕ್ಕೆ ಕನ್ನಡಿ. ಲೋವ್ಬೋರ್ಗ್ ಕುಡಿತ ಬಿಟ್ಟಿದ್ದಾನೆ. ಹೆಡ್ಡಾ ಲೋಟ ಮುಂದೆ ಹಿಡಿಯುತ್ತಾಳೆ, ಅವನು ಬೇಡ ಅನ್ನುತ್ತಾನೆ. ಕುಡಿಯದಿದ್ದರೆ ಜನ ನಿಮಗೆ ನಿಮ್ಮ ಮೇಲೇ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ ಅಂತ ಕೆಣಕುತ್ತಾಳೆ. ಆಗಲೂ ಬೇಡ ಅನ್ನುತ್ತಾನೆ. ಆಗ ಅವಳು ಹಾದಿ ಬದಲಿಸುತ್ತಾಳೆ. ಭೇಷ್, ಬಂಡೆಯ ಹಾಗೆ ಗಟ್ಟಿಯಾಗಿದ್ದೀರಿ ಅಂತ ಹೊಗಳುತ್ತಾಳೆ. ಹೊಗಳಿ ಥೆಯಾ ಕಡೆ ತಿರುಗಿ, ನೋಡಿದೆಯಾ, ಬೆಳಿಗ್ಗೆ ಅಷ್ಟು ಹೆದರಿಕೊಂಡು ಓಡಿಬಂದೆಯಲ್ಲ, ಹೆದರಬೇಡ ಅಂತ ನಾನು ಹೇಳಲಿಲ್ಲವಾ ಅನ್ನುತ್ತಾಳೆ.

ಅಷ್ಟೇ. ಥೆಯಾಗೆ ತನ್ನ ಮೇಲೆ ನಂಬಿಕೆ ಇರಲಿಲ್ಲ ಅಂತ ಲೋವ್ಬೋರ್ಗ್‌ಗೆ ಗೊತ್ತಾಗುತ್ತದೆ. ಲೋಟ ಎತ್ತುತ್ತಾನೆ. ಒಂದಾಯಿತು, ಎರಡಾಯಿತು.

ಗಮನಿಸಬೇಕಾದ್ದು ಏನೆಂದರೆ ಹೆಡ್ಡಾ ಇಲ್ಲಿ ಒಂದು ಸುಳ್ಳನ್ನೂ ಹೇಳಿಲ್ಲ. ಥೆಯಾ ಹೆದರಿ ಬಂದದ್ದು ನಿಜ. ಗುಟ್ಟಾಗಿ ಹೇಳಿದ ನಿಜವನ್ನು ಹೇಳಬಾರದ ಜಾಗದಲ್ಲಿ, ಹೇಳಬಾರದ ಹೊತ್ತಿನಲ್ಲಿ ಇಟ್ಟಳು. ಸುಳ್ಳಾದರೆ ಅಲ್ಲಗಳೆಯಬಹುದಿತ್ತು, ನಿಜವನ್ನು ಥೆಯಾ ಹೇಗೆ ಅಲ್ಲಗಳೆದಾಳು? ನಾವು ಮನೆಗಳಲ್ಲಿ, ಆಫೀಸುಗಳಲ್ಲಿ ನೋಡುವ ಚುಚ್ಚುಮಾತಿನ ಜಾಣತನವೂ ಹೀಗೇ ಇರುತ್ತದೆ ಅಲ್ವಾ? ಮೇಲೆ ನೋಡಿದರೆ ಸಮಾಧಾನದ ಮಾತು, ಒಳಗೆ ಬ್ಲೇಡು.

ಗಂಡಸರೆಲ್ಲ ಬ್ರಾಕ್‌ನ ಪಾರ್ಟಿಗೆ ಹೊರಡುತ್ತಾರೆ. ಲೋವ್ಬೋರ್ಗ್ ತಲೆಗೆ ದ್ರಾಕ್ಷಿ ಎಲೆ ಮುಡಿದುಕೊಂಡು, ಹಳೇ ಗ್ರೀಕರ ದೇವರ ಹಾಗೆ, ಯಾವ ಭಯವೂ ಇಲ್ಲದೆ ಹಿಂತಿರುಗುತ್ತಾನೆ ಅಂತ ಹೆಡ್ಡಾ ಕನಸು ಕಾಣುತ್ತಾಳೆ. ನಿನಗೆ ಏನು ಬೇಕು ಅಂತ ಥೆಯಾ ಕೇಳಿದಾಗ, ಬದುಕಿನಲ್ಲಿ ಒಂದೇ ಒಂದು ಸಲ ಒಬ್ಬ ಮನುಷ್ಯನ ಹಣೆಬರಹ ನನ್ನ ಕೈಯಲ್ಲಿರಬೇಕು ಅನ್ನುತ್ತಾಳೆ. ನಿನ್ನ ಗಂಡನದ್ದು ಇಲ್ಲವಾ ಅಂದರೆ, ಅದಕ್ಕೆ ಅಷ್ಟು ಕಷ್ಟಪಡಬೇಕಾ ಅನ್ನುವ ಹಾಗೆ ತಳ್ಳಿಹಾಕುತ್ತಾಳೆ. ನಾನೆಷ್ಟು ಬಡವಿ ಅಂತ ನಿನಗೆ ಗೊತ್ತಿಲ್ಲ, ನೀನು ಮಾತ್ರ ಅಷ್ಟು ಶ್ರೀಮಂತೆ ಅಂತ ಥೆಯಾಳನ್ನು ತಬ್ಬಿಕೊಂಡು, ನಿನ್ನ ಕೂದಲು ಸುಡುತ್ತೇನೆ ಅಂತ ಶಾಲೆಯ ಮಾತನ್ನೇ ಮತ್ತೆ ಹೇಳುತ್ತಾಳೆ. ಪ್ರೀತಿಯೋ ದ್ವೇಷವೋ ಅಂತ ಬಿಡಿಸಿ ಹೇಳಲು ನನಗಂತೂ ಆಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಕಾಲವನ್ನು ನೋಡಬೇಕು. ನಾರ್ವೆಯಲ್ಲಿ ಮದುವೆಯಾದ ಹೆಂಗಸನ್ನು ಕಾನೂನು ಪ್ರಾಪ್ತ ವಯಸ್ಕಳೆಂದು ಒಪ್ಪಿದ್ದು 1888ರಲ್ಲಿ, ಈ ನಾಟಕಕ್ಕೆ ಎರಡೇ ವರ್ಷ ಮೊದಲು. ಮದುವೆಯಾದವರಿಗೆ ಸ್ವಂತ ಆಸ್ತಿಯ ಹಕ್ಕು ಬೇಕು ಅಂತ 1884ರಲ್ಲಿ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದವರಲ್ಲಿ ಇಬ್ಸೆನ್ ಕೂಡ ಒಬ್ಬ. ದೇಶದ ಎಲ್ಲ ಹೆಂಗಸರಿಗೂ ಮತದ ಹಕ್ಕು ಸಿಕ್ಕಿದ್ದು 1913ರಲ್ಲಿ. 1879ರಲ್ಲೇ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕದ ನಾಯಕಿ ನೋರಾ ಗಂಡನ ಮನೆಯ ಬಾಗಿಲು ಎಳೆದುಕೊಂಡು ಹೊರಗೆ ಹೋಗಿದ್ದಳು. ಹಾಗಿದ್ದ ಮೇಲೆ ಹನ್ನೊಂದು ವರ್ಷದ ನಂತರ ಬಂದ ಹೆಡ್ಡಾ ಯಾಕೆ ಹೋಗಲಿಲ್ಲ? ಹೋಗಿ ಮಾಡುವುದೇನು ಅನ್ನುವುದು ಅವಳಿಗೆ ಗೊತ್ತಿಲ್ಲ. ಕುದುರೆ ಓಡಿಸಲು, ಗುರಿಯಿಡಲು, ಪಾರ್ಟಿಯಲ್ಲಿ ಮಿಂಚಲು ಅವಳಿಗೆ ಬರುತ್ತಿತ್ತು. ಒಂದು ಕೆಲಸ ಕಲಿತಿರಲಿಲ್ಲ. ಬೇಜಾರಿನಿಂದ ಸಾಯುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ ಅಂತ ಬ್ರಾಕ್‌ಗೆ ಹೇಳಿಕೊಳ್ಳುತ್ತಾಳೆ. ಥೆಯಾಗೆ ಲೋವ್ಬೋರ್ಗ್‌ನ ಪುಸ್ತಕ ಅನ್ನುವ ಕೆಲಸವಾದರೂ ಇತ್ತು.

ಅವಳ ಬಸಿರಿನ ವಿಷಯವನ್ನೂ ಇಲ್ಲೇ ಸೇರಿಸಬೇಕು. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮೈ ತುಂಬಿಕೊಂಡಿದ್ದಾಳೆ ಅಂತ ಗಂಡ ಮುಗ್ಧವಾಗಿ ಹೇಳುತ್ತಾನೆ, ಅತ್ತೆಗೆ ತಕ್ಷಣ ಅರ್ಥವಾಗಿ ಅವಳ ತಲೆ ಹಿಡಿದು ಮುದ್ದಿಡುತ್ತಾರೆ. ಹೆಡ್ಡಾ ಬಿಡಿಸಿಕೊಳ್ಳುತ್ತಾಳೆ. ಅವಳ ಒಪ್ಪಿಗೆ ಯಾರೂ ಕೇಳದೆ ಅವಳ ಮೈ ಕೂಡ ಆ ಮನೆತನದ ಸೊತ್ತಾಗುತ್ತಿದೆ. ಎಲ್ಲ ಹೆಂಗಸರೂ ತಾಯಿಯಾಗಲೆಂದೇ ಹುಟ್ಟಿದವರಲ್ಲ ಅಂತ ಇಬ್ಸೆನ್ ಈ ನಾಟಕದ ಟಿಪ್ಪಣಿಗಳಲ್ಲಿ ಬರೆದುಕೊಂಡಿದ್ದ.

ಇದು ಗೊತ್ತಿದ್ದರೆ ಮೂರನೇ ಅಂಕದ ಬೆಂಕಿ ಬೇರೆಯೇ ಬೆಳಕಲ್ಲಿ ಕಾಣುತ್ತದೆ. ಲೋವ್ಬೋರ್ಗ್ ದ್ರಾಕ್ಷಿ ಎಲೆ ಮುಡಿದು ಬರುವುದಿಲ್ಲ. ಕುಡಿದು, ಬೀದಿಯಲ್ಲಿ ಹಸ್ತಪ್ರತಿ ಬೀಳಿಸಿಕೊಂಡು, ಡಯಾನಾ ಅನ್ನುವವಳ ಮನೆಯಲ್ಲಿ ಜಗಳ ಮಾಡಿ, ಪೊಲೀಸಿನವನ ಮೇಲೆ ಕೈ ಮಾಡಿ ಠಾಣೆ ಸೇರುತ್ತಾನೆ. ಹಸ್ತಪ್ರತಿ ಟೆಸ್ಮನ್‌ಗೆ ಸಿಕ್ಕಿ ಹೆಡ್ಡಾಳ ಕೈಗೆ ಬಂದಿದೆ. ಲೋವ್ಬೋರ್ಗ್ ಬಂದು, ಕಳೆದುಕೊಂಡೆ ಅಂತ ಥೆಯಾಗೆ ಹೇಳಲು ನಾಚಿ, ಹರಿದು ನೀರಿಗೆ ಎಸೆದೆ ಅನ್ನುತ್ತಾನೆ. ಥೆಯಾಗೆ ಅದು ಮಗುವನ್ನು ಕೊಂದ ಹಾಗೆ. ಹೆಡ್ಡಾ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಹಸ್ತಪ್ರತಿ ಅಲ್ಲೇ ಮೇಜಿನ ಖಾನೆಯಲ್ಲಿದೆ. ಬಾಯಿ ಬಿಟ್ಟರೆ ಒಂದು ಜೀವ ಉಳಿಯುತ್ತದೆ. ಬಿಡುವುದಿಲ್ಲ. ಬದಲಿಗೆ ಅಪ್ಪನ ಪಿಸ್ತೂಲುಗಳಲ್ಲೊಂದನ್ನು ಅವನ ಕೈಗೆ ಕೊಟ್ಟು, ಸಾಯುವುದಾದರೆ ಸುಂದರವಾಗಿ ಸಾಯಿ ಅನ್ನುತ್ತಾಳೆ. ಅವನು ಹೋದ ಮೇಲೆ ಒಲೆಯ ಮುಂದೆ ಕೂತು ಹಾಳೆ ಹಾಳೆಯಾಗಿ ಬೆಂಕಿಗೆ ಹಾಕುತ್ತಾಳೆ. ನಿನ್ನ ಮಗುವನ್ನು ಸುಡುತ್ತಿದ್ದೇನೆ ಥೆಯಾ, ನಿನ್ನ ಗುಂಗುರು ಕೂದಲನ್ನೂ ಅಂತ ಪಿಸುಗುಡುತ್ತಾಳೆ. ಇದನ್ನು ಮನ್ನಿಸಬೇಕು ಅಂತ ನಾನು ಹೇಳುವುದಿಲ್ಲ. ನಾನು ಮನ್ನಿಸಿಯೂ ಇಲ್ಲ. ಆದರೆ ಬೇಡದ ಬಸಿರು ಹೊತ್ತವಳು ಇನ್ನೊಬ್ಬಳ ‘ಮಗು’ವನ್ನು ಸುಡುವುದನ್ನು ನೋಡುವಾಗ ಅವಳು ಸುಡುತ್ತಿರುವುದು ಥೆಯಾದು ಒಂದನ್ನೇ ಅಂತ ನನಗೆ ಅನ್ನಿಸುವುದಿಲ್ಲ. ನಾರ್ವೆಯ ಸಂಗೀತಗಾರ ಯೋಹಾನ್ ಸ್ವೆಂಡ್ಸೆನ್‌ನ ಹೆಂಡತಿ ಸಿಟ್ಟಿನಲ್ಲಿ ಗಂಡನ ಸಿಂಫನಿಯ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿದ ಕಥೆ ಆ ದಿನಗಳಲ್ಲಿ ಹೆಸರಾಗಿತ್ತು. ಇಬ್ಸೆನ್‌ಗೆ ಈ ದೃಶ್ಯ ಅಲ್ಲಿಂದ ಹೊಳೆದಿರಬಹುದು ಅನ್ನುವವರಿದ್ದಾರೆ.

ಇನ್ನು ಬ್ರಾಕ್. ಇವನನ್ನು ಸರಿಯಾಗಿ ನೋಡದಿದ್ದರೆ ನಾಟಕದ ಕೊನೆ ಅರ್ಥವಾಗುವುದಿಲ್ಲ. ವಯಸ್ಸು 45, ಮದುವೆಯಿಲ್ಲ, ನಯವಾದ ಮಾತು, ಒಳ್ಳೆ ಉಡುಪು. ಮುಂಬಾಗಿಲು ಬಿಟ್ಟು ತೋಟದ ಹಿಂಬಾಗಿಲಿಂದ ಬರುವ ಅಭ್ಯಾಸ. ಗಂಡ, ಹೆಂಡತಿ, ನಡುವೆ ನಂಬಿಕಸ್ಥ ಸ್ನೇಹಿತ, ಈ ತ್ರಿಕೋನ ಎಷ್ಟು ಅನುಕೂಲ ಅಂತ ನಗುನಗುತ್ತಾ ಹೇಳುತ್ತಾನೆ. ಹೆಡ್ಡಾಗೆ ಅವನ ಮಾತು ಇಷ್ಟ, ಯಾಕೆಂದರೆ ಆ ಮನೆಯಲ್ಲಿ ಅವಳ ಬುದ್ಧಿಗೆ ಸರಿಜೋಡಿ ಅವನೊಬ್ಬನೇ. ಹ್ಯಾಟಿನ ಗುಟ್ಟು, ಬಂಗಲೆಯ ಗುಟ್ಟು ಎಲ್ಲ ಅವಳು ಹೇಳಿಕೊಂಡದ್ದು ಇವನ ಹತ್ತಿರ. ಥೆಯಾಗೆ ಅವಳು ಏನು ಮಾಡಿದಳೋ ಅದೇ ಅವಳಿಗೂ ಆಗುತ್ತಿದೆ ಅಂತ ಆಗ ಅವಳಿಗೆ ಹೊಳೆಯುವುದಿಲ್ಲ.

ನಾಲ್ಕನೇ ಅಂಕದಲ್ಲಿ ಲೋವ್ಬೋರ್ಗ್ ಸತ್ತ ಸುದ್ದಿ ಬರುತ್ತದೆ. ಕೊನೆಗೂ ಒಬ್ಬ ಧೈರ್ಯ ಮಾಡಿದ ಅಂತ ಹೆಡ್ಡಾಗೆ ಒಂದು ಗಳಿಗೆ ಬಿಡುಗಡೆ. ಬ್ರಾಕ್ ಪಕ್ಕಕ್ಕೆ ಕರೆದು ನಿಜ ಹೇಳುತ್ತಾನೆ. ಸತ್ತದ್ದು ಡಯಾನಾಳ ಕೋಣೆಯಲ್ಲಿ. ಗುಂಡು ತಗುಲಿದ್ದು ಕೆಳಹೊಟ್ಟೆಗೆ. ಬೇಕಂತಲೇ ಹಾರಿಸಿಕೊಂಡಿದ್ದೂ ಅಲ್ಲ. ನಾನು ಮುಟ್ಟಿದ್ದೆಲ್ಲ ನಗೆಪಾಟಲಾಗುತ್ತದೆ, ಕೊಳಕಾಗುತ್ತದೆ ಅಂತ ಅವಳು ನರಳುತ್ತಾಳೆ. ಬ್ರಾಕ್ ಇನ್ನೂ ಮುಗಿಸಿಲ್ಲ. ಆ ಪಿಸ್ತೂಲು ಯಾರದು ಅಂತ ನನಗೆ ಗೊತ್ತು ಅನ್ನುತ್ತಾನೆ. ಪೊಲೀಸರಿಗೆ ಗೊತ್ತಾದರೆ ಕೋರ್ಟು, ಡಯಾನಾ ಪಕ್ಕದಲ್ಲಿ ನಿಂತು ಹೇಳಿಕೆ, ಊರ ತುಂಬ ಮಾತು. ನಾನು ಬಾಯಿ ಬಿಡದಿದ್ದರೆ ಏನೂ ಆಗುವುದಿಲ್ಲ. ಗುಟ್ಟಾಗಿ ತಿಳಿದ ಒಂದು ನಿಜ, ಇಡಬಹುದಾದ ಜಾಗ ಸರಿಯಾಗಿ ಗೊತ್ತಿರುವ ಕೈ. ಹೆಡ್ಡಾಳ ಆಟವೇ, ಅವಳಿಗಿಂತ ಪಳಗಿದವನು ಆಡುತ್ತಿದ್ದಾನೆ. ಅವನ ಹಿಂದೆ ಹುದ್ದೆ ಇದೆ, ಕಾನೂನು ಇದೆ, ಗಂಡಸು ಅನ್ನುವ ಸವಲತ್ತು ಇದೆ. ಅವಳ ಹಿಂದೆ ಗೋಡೆ ಮೇಲಿನ ಚಿತ್ರ ಒಂದೇ.

ಅದೇ ಹೊತ್ತಿಗೆ ಥೆಯಾ ತನ್ನ ಉಡುಪಿನ ಜೇಬಿನಿಂದ ಲೋವ್ಬೋರ್ಗ್‌ನ ಟಿಪ್ಪಣಿ ಚೀಟಿಗಳನ್ನು ತೆಗೆಯುತ್ತಾಳೆ. ಟೆಸ್ಮನ್ ಅವಳ ಜೊತೆ ಕೂತು ಪುಸ್ತಕವನ್ನು ಮತ್ತೆ ಕಟ್ಟಲು ಶುರು ಮಾಡುತ್ತಾನೆ. ಬೇರೆಯವರ ಹಾಳೆ ಜೋಡಿಸುವುದು ಅವನಿಗೆ ಬಲು ಇಷ್ಟದ ಕೆಲಸ. ನನ್ನಿಂದ ನಿಮಗೇನೂ ಸಹಾಯ ಬೇಡವಾ ಅಂತ ಹೆಡ್ಡಾ ಕೇಳುತ್ತಾಳೆ. ಏನೂ ಬೇಡ, ಬ್ರಾಕ್ ನಿನಗೆ ಜೊತೆ ಕೊಡುತ್ತಾರೆ ಅನ್ನುತ್ತಾನೆ ಗಂಡ. ಆ ಒಳ್ಳೆಯ ಮನುಷ್ಯ ಏನೂ ಅರಿಯದೆ ಹೆಂಡತಿಯನ್ನು ಬೋನಿನ ಒಳಗೆ ಬಿಟ್ಟು ಬಾಗಿಲು ಹಾಕುತ್ತಾನೆ. ಅವಳು ಒಳಕೋಣೆಗೆ ಹೋಗಿ ಪರದೆ ಎಳೆಯುತ್ತಾಳೆ. ಪಿಯಾನೋ ಮೇಲೆ ಹುಚ್ಚು ಕುಣಿತದ ರಾಗ ಕೇಳುತ್ತದೆ. ರೀನಾ ಅತ್ತೆಯೂ ತೀರಿಕೊಂಡಿದ್ದಾರೆ, ಲೋವ್ಬೋರ್ಗ್ ಕೂಡ, ನಿಲ್ಲಿಸು ಅಂತ ಗಂಡ ಹೇಳುತ್ತಾನೆ. ಇನ್ನು ಮೇಲೆ ಸುಮ್ಮನಿರುತ್ತೇನೆ ಅನ್ನುತ್ತಾಳೆ. ಆಮೇಲೆ ಗುಂಡಿನ ಸದ್ದು. ಬ್ರಾಕ್ ಕುರ್ಚಿಯಲ್ಲಿ ಕುಸಿದು, ದೇವರೇ, ಹಾಗೆಲ್ಲ ಯಾರೂ ಮಾಡುವುದಿಲ್ಲ ಅನ್ನುತ್ತಾನೆ. ನೆನಪಿದೆಯಾ, ಮೊದಲ ಅಂಕದಲ್ಲಿ ಥೆಯಾಗೆ ಹೆಡ್ಡಾ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು.

1891ರ ಜನವರಿ 31ರಂದು ಮ್ಯೂನಿಕ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ಇಬ್ಸೆನ್ ಅಲ್ಲೇ ಇದ್ದ. ಜನಕ್ಕೆ ನಾಟಕ ಹಿಡಿಸಲಿಲ್ಲ. ಇಂಥ ಹೆಂಗಸು ಎಲ್ಲಾದರೂ ಇರುತ್ತಾಳಾ ಅಂತ ವಿಮರ್ಶಕರು ಕೇಳಿದರು. ಅದೇ ಏಪ್ರಿಲ್‌ನಲ್ಲಿ ಲಂಡನ್ನಿನ ವಾಡೆವಿಲ್ ರಂಗಮಂದಿರದಲ್ಲಿ ಎಲಿಜಬೆತ್ ರಾಬಿನ್ಸ್ ಮತ್ತು ಮೇರಿಯನ್ ಲೀ ಎಂಬ ಇಬ್ಬರು ನಟಿಯರು ತಾವೇ ಹೊಣೆ ಹೊತ್ತು ಇದನ್ನು ಆಡಿಸಿದರು. ಆಗಿನ ರಂಗಭೂಮಿಯನ್ನು ಗಂಡಸರು ನಡೆಸುತ್ತಿದ್ದರು. ಹೆಂಗಸರಿಗೆ ಸಿಗುತ್ತಿದ್ದುದು ಬಹಳಷ್ಟು ಸಲ ಒಂದೋ ಸಾಧ್ವಿ, ಇಲ್ಲ ಕುಲಟೆ. ಹೆಡ್ಡಾ ಎರಡೂ ಅಲ್ಲ. ರಾಬಿನ್ಸ್ ಹೆಡ್ಡಾ ಆದಳು, ಲೀ ಥೆಯಾ ಆದಳು. ಆಮೇಲೆ ಎಲಿಯನೋರಾ ದೂಸೆ, ಇಂಗ್ರಿಡ್ ಬರ್ಗ್‌ಮನ್, ಮ್ಯಾಗಿ ಸ್ಮಿತ್, ಇಸಬೆಲ್ ಯೂಪೇರ್, ಕೇಟ್ ಬ್ಲಾಂಚೆಟ್ ಎಲ್ಲರೂ ಈ ಪಾತ್ರಕ್ಕೆ ಬಂದರು.

ಅವರೆಲ್ಲರಿಗೂ ಕಷ್ಟ ಕೊಡುವುದು ಒಂದೇ. ಹಸ್ತಪ್ರತಿ ಸುಡುವಾಗಿನ ಆ ಪಿಸುಮಾತು ಬಿಟ್ಟರೆ ಹೆಡ್ಡಾಗೆ ಸ್ವಗತ ಇಲ್ಲ. ಹಳೇ ನಾಟಕಗಳ ಕುಟಿಲ ಪಾತ್ರಗಳು ಪ್ರೇಕ್ಷಕರ ಕಡೆ ತಿರುಗಿ ತಮ್ಮ ಮನಸ್ಸು ಹೇಳಿಕೊಳ್ಳುತ್ತವೆ. ಇವಳು ಹೇಳುವುದಿಲ್ಲ. ಅವಳು ಆಡುವ ಮಾತು ಎದುರಿಗಿರುವವರಿಗಾಗಿ ಆಡಿದ್ದು, ಅದರ ಅಡಿಯ ಮಾತನ್ನು ನಾವೇ ಕೇಳಿಸಿಕೊಳ್ಳಬೇಕು.

ಆದರೆ ಒಂದು ಕಡೆ ಅವಳ ಒಳಗನ್ನು ಇಣುಕಿ ನೋಡಲು ಇಬ್ಸೆನ್ ಕೆಲವು ಕ್ಷಣ ಕೊಡುತ್ತಾನೆ. ಮೊದಲ ಅಂಕ. ಹ್ಯಾಟಿನ ರಾಮಾಯಣ ಮುಗಿದಿದೆ. ಅತ್ತೆಯನ್ನು ಬೀಳ್ಕೊಡಲು ಗಂಡ ಬಾಗಿಲವರೆಗೆ ಹೋಗಿದ್ದಾನೆ. ಕೋಣೆಯಲ್ಲಿ ಹೆಡ್ಡಾ ಒಬ್ಬಳೇ. ಮಾತಿಲ್ಲ. ಅತ್ತಿಂದಿತ್ತ ಓಡಾಡುತ್ತಾಳೆ, ಎರಡೂ ಕೈ ಮೇಲೆತ್ತಿ ಮುಷ್ಟಿ ಬಿಗಿಯುತ್ತಾಳೆ. ಗಾಜಿನ ಬಾಗಿಲ ಪರದೆ ಸರ್ರನೆ ಎಳೆದು ಹೊರಗೆ ನೋಡುತ್ತಾ ನಿಲ್ಲುತ್ತಾಳೆ. ಅಷ್ಟರಲ್ಲಿ ಟೆಸ್ಮನ್ ಬಂದು, ನೆಲದ ಮೇಲೆ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು, ಏನು ನೋಡುತ್ತಿದ್ದೀಯ ಹೆಡ್ಡಾ ಅಂತ ಕೇಳುತ್ತಾನೆ. ಅವಳ ಮುಖ ಆಗಲೇ ತಿಳಿಯಾಗಿದೆ. ಎಲೆಗಳನ್ನು ನೋಡುತ್ತಿದ್ದೆ ಅನ್ನುತ್ತಾಳೆ. ಎಷ್ಟು ಹಳದಿಯಾಗಿವೆ, ಎಷ್ಟು ಬಾಡಿವೆ. ಹೌದಲ್ಲ, ಸೆಪ್ಟೆಂಬರ್ ಬಂತು ಅನ್ನುತ್ತಾನೆ ಗಂಡ.